ಮಡಿಕೇರಿಯಲ್ಲಿ ಜಡೆಜಡೆಯಾಗಿ ಬಿಡುವ ಥನ್‌ಬರ್ಜಿಯಾ ಬಳ್ಳಾರಿಯಲ್ಲಿ ಹೂವೇ ಬಿಡುವುದಿಲ್ಲವಾ?

ಬಿಸಿಲೂರಿನವಳು (ಬಳ್ಳಾರಿ)
ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ಜನವರಿಯಲ್ಲಿ ಮಡಿಕೇರಿಯ ಒಂದು ಹೋಂಸ್ಟೇಯಲ್ಲಿ ಉಳಿದಿದ್ದೆವು. ಗೇಟಿನಿಂದ ಬಾಗಿಲವರೆಗೆ ಚಪ್ಪರ, ಅದರಿಂದ ಕೆಳಗೆ ಹಳದಿ ಮತ್ತು ಕಂದುಗೆಂಪು ಹೂವಿನ ಜಡೆಗಳು. ಒಂದೊಂದೂ ಮೊಳಕ್ಕಿಂತ ಉದ್ದ. ತಲೆ ಬಗ್ಗಿಸಿಕೊಂಡೇ ಓಡಾಡಬೇಕಿತ್ತು. ನನಗೆ ಹುಚ್ಚು ಹಿಡಿದುಬಿಟ್ಟಿತು. ಬರುವಾಗ ಬೆಂಗಳೂರಿನ ಒಂದು ನರ್ಸರಿಯಲ್ಲಿ 350 ರೂಪಾಯಿ ಕೊಟ್ಟು ಗಿಡ ತಂದೆ. ಹೆಸರು ಥನ್‌ಬರ್ಜಿಯಾ ಮೈಸೂರೆನ್ಸಿಸ್ ಅಂತ ಬರೆದುಕೊಟ್ಟರು.

ನಮ್ಮದು ತಾರಸಿ. ಪಶ್ಚಿಮದ ಗೋಡೆಗೆ ಪೈಪಿನ ಚೌಕಟ್ಟು ಮಾಡಿಸಿ, 18 ಇಂಚಿನ ಕಪ್ಪು ಗ್ರೋಬ್ಯಾಗಿನಲ್ಲಿ ಹಾಕಿದ್ದೇನೆ. ಮಾರ್ಚ್ ಬಂತೆಂದರೆ ಎಲೆಯ ಅಂಚು ಸುಟ್ಟು ಕಂದಾಗುತ್ತದೆ, ಏಪ್ರಿಲ್ಲಿಗೆ ಅರ್ಧ ಉದುರುತ್ತದೆ, ಮಳೆ ಬಿದ್ದಮೇಲೆ ಮತ್ತೆ ಚಿಗುರಿ ಚೌಕಟ್ಟು ಪೂರ್ತಿ ತುಂಬುತ್ತದೆ. ಆದರೆ ಮೂರು ವರ್ಷದಲ್ಲಿ ಒಂದೇ ಒಂದು ಹೂವಿಲ್ಲ. ಸಗಣಿ ಗೊಬ್ಬರ, ಬೇವಿನ ಹಿಂಡಿ, ಡಿಎಪಿ, ಮಜ್ಜಿಗೆ ನೀರು, ಎಲ್ಲ ಆಯಿತು. ನಮ್ಮ ಮನೆಯವರು "ಇದಕ್ಕಿಂತ ಹೀರೆ ಬಳ್ಳಿ ಹಬ್ಬಿಸಿದ್ದರೆ ಪಲ್ಯಕ್ಕಾದರೂ ಆಗುತ್ತಿತ್ತು" ಅಂತ ದಿನಾ ಅನ್ನುತ್ತಾರೆ. ನಮ್ಮ ಊರಿಗೆ ಇದು ಆಗುವುದೇ ಇಲ್ಲವಾ? ಯಾರಾದರೂ ಬೆಳೆದಿದ್ದೀರಾ?

ಸುಮ್ನೆ ಓದುವವ
ನಿಮ್ಮ ಮನೆಯವರ ಮಾತಿನಲ್ಲಿ ತೂಕ ಇದೆ.

ಮಡಿಕೇರಿ ಮಂಜು (ಮಡಿಕೇರಿ)
ಅಕ್ಕಾ, ನಮ್ಮಲ್ಲಿ ಇದಕ್ಕೆ ಯಾರೂ ಏನೂ ಮಾಡುವುದಿಲ್ಲ. ನಿಜವಾಗಿಯೂ. ನೆಟ್ಟು ಬಿಟ್ಟರೆ ಎರಡು ವರ್ಷದಲ್ಲಿ ಚಪ್ಪರ ಮುಚ್ಚುತ್ತದೆ. ನಮ್ಮ ಊರು ಸುಮಾರು 1150 ಮೀಟರ್ ಎತ್ತರದಲ್ಲಿದೆ, ಬೆಳಿಗ್ಗೆ ಹತ್ತರವರೆಗೂ ಮಂಜು, ಬೇಸಿಗೆಯಲ್ಲೂ ರಾತ್ರಿ ತಂಪು. ಅದೇ ಅದರ ಗೊಬ್ಬರ. ಬಳ್ಳಾರಿಗೆ ಮಂಜು ಪಾರ್ಸೆಲ್ ಮಾಡಲು ಬರುವುದಿಲ್ಲವಲ್ಲ.

ಒಂದು ತೊಂದರೆ ಹೇಳಿಬಿಡುತ್ತೇನೆ. ಹೂವಿನಿಂದ ಮಕರಂದ ತೊಟ್ಟಿಕ್ಕುತ್ತದೆ. ಕೆಳಗೆ ಗ್ರಾನೈಟ್ ಹಾಕಿಸಿದ್ದರೆ ಅಂಟು ಅಂಟು, ಇರುವೆ ಸಾಲು. ಸೂರಕ್ಕಿಗಳು ಬೆಳಗಿನಿಂದ ಸಂಜೆವರೆಗೆ ಜಗಳ ಆಡುತ್ತಿರುತ್ತವೆ.

ಹೊಸಪೇಟೆ ಹೂವಪ್ಪ
ನಿಮ್ಮದು ಗಂಡು ಬಳ್ಳಿ ಇರಬೇಕು. ಗಂಡು ಬಳ್ಳಿ ಹೂ ಬಿಡುವುದಿಲ್ಲ. ಬದಲಾಯಿಸಿ.

ಪಾಠದ ಮೇಷ್ಟ್ರು (ಶಿವಮೊಗ್ಗ)
ಹೂವಪ್ಪನವರೇ, ಈ ಜಾತಿಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಅಂತ ಬೇರೆ ಇಲ್ಲ. ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ಪಪ್ಪಾಯಿಯ ಲೆಕ್ಕವನ್ನು ಎಲ್ಲಕ್ಕೂ ಹಾಕಬೇಡಿ. ಇನ್ನು, ಗಂಡು ಪಪ್ಪಾಯಿಯೂ ಹೂ ಬಿಡುತ್ತದೆ, ಕಾಯಿ ಬಿಡುವುದಿಲ್ಲ ಅಷ್ಟೇ.

ಹೊಸಪೇಟೆ ಹೂವಪ್ಪ
ಸರಿ ಮೇಷ್ಟ್ರೇ. ಕಿವಿ ಹಿಂಡಿದ ಹಾಗಾಯಿತು.

ತಾರಸಿ ಮಾಲಿ (ಬೆಂಗಳೂರು)
ಜಯನಗರದಲ್ಲಿ ನನ್ನ ಹತ್ತಿರ ಎಂಟು ವರ್ಷದ ಬಳ್ಳಿ ಇದೆ, ಪ್ರತಿ ವರ್ಷ ಹೂ ಬಿಡುತ್ತದೆ. ಆದ್ದರಿಂದ "ಮಡಿಕೇರಿ ಬಿಟ್ಟರೆ ಎಲ್ಲೂ ಆಗದು" ಎನ್ನುವುದು ಸುಳ್ಳು. ಬಳ್ಳಾರಿ ಬೇರೆ ವಿಷಯ, ಒಪ್ಪುತ್ತೇನೆ. ಆದರೂ ನಿಮ್ಮ ಪೋಸ್ಟ್ ಓದಿದರೆ ತಪ್ಪು ಊರಿನದಲ್ಲ, ಗೋಡೆಯದು ಅನಿಸುತ್ತದೆ. ಪಶ್ಚಿಮದ ಗೋಡೆ, ತಾರಸಿ, ಕಪ್ಪು ಚೀಲ. ಮೂರೂ ಸೇರಿದರೆ ಬೇರು ಬೇಯುತ್ತದೆ ರೀ! ಮಧ್ಯಾಹ್ನ ಮೂರು ಗಂಟೆಗೆ ಆ ಚೀಲದ ಮೇಲೆ ಅಂಗೈ ಇಟ್ಟು ನೋಡಿ. ನಿಮಗೇ ಇಡಲು ಆಗದಿದ್ದರೆ ಬೇರು ಹೇಗೆ ಇರಬೇಕು?

ಮೇಲಿನ ಬಿಸಿಲು ಈ ಬಳ್ಳಿಗೆ ಅಷ್ಟು ತೊಂದರೆ ಅಲ್ಲ. ತಲೆ ಬಿಸಿಲಲ್ಲಿ, ಕಾಲು ನೆರಳಲ್ಲಿ ಇದ್ದರೆ ಖುಷಿಯಾಗಿರುತ್ತದೆ. ಪೂರ್ವದ ಗೋಡೆಗೆ ಬದಲಾಯಿಸಿ. ಬೆಳಗಿನ ಬಿಸಿಲು ನಾಲ್ಕು ಗಂಟೆ ಸಾಕು. ಚೀಲಕ್ಕೆ ಗೋಣಿತಾಟು ಸುತ್ತಿ ನೀರು ಚಿಮುಕಿಸಿ.

ಬಿಸಿಲೂರಿನವಳು (ಬಳ್ಳಾರಿ)
ಅಂಗೈ ಇಟ್ಟು ನೋಡಿದೆ. ಇಡಲಾಗಲಿಲ್ಲ. ಇನ್ನೂ ಫೆಬ್ರವರಿ ಇದು!

ತೊಗರಿ ಸೀಮೆ (ಕಲಬುರಗಿ)
ಬೆಂಗಳೂರಿನವರು ಬಿಸಿಲಿನ ಬಗ್ಗೆ ಪಾಠ ಮಾಡುವುದು ನೋಡಿದರೆ ನಗು ಬರುತ್ತದೆ. ನಿಮ್ಮಲ್ಲಿ 36 ಆದರೆ ಪೇಪರಿನಲ್ಲಿ ಮುಖಪುಟ. ನಮ್ಮಲ್ಲಿ ಮೇ ತಿಂಗಳಲ್ಲಿ 43. ಪೂರ್ವದ ಗೋಡೆಯೂ ಒಲೆ, ಪಶ್ಚಿಮದ ಗೋಡೆಯೂ ಒಲೆ. ಬಿಸಿಗಿಂತ ಒಣ ಗಾಳಿ ಕೆಟ್ಟದ್ದು. ಎಲೆಯಿಂದ ನೀರು ಹಾರಿಹೋಗುವಷ್ಟು ಬೇಗ ಬೇರು ಎಳೆಯಲು ಆಗುವುದಿಲ್ಲ. ಅದಕ್ಕೇ ಅಂಚಿನಿಂದ ಸುಡುತ್ತದೆ, ಮಣ್ಣಲ್ಲಿ ನೀರಿದ್ದರೂ. ಅಕ್ಕ, ಬೋಗನ್‌ವಿಲ್ಲಾ ಹಾಕಿ ಆರಾಮಾಗಿರಿ. ಕಾಗದದ ಹೂ ಅಂತ ಬೈಯುವವರು ಬೈಯಲಿ.

ಕುಡ್ಲದ ಕುಂಡ (ಮಂಗಳೂರು)
ಬೋಗನ್‌ವಿಲ್ಲಾದ ವಿಷಯ ಎತ್ತಿದಿರಲ್ಲ, ನನಗೆ ಉಲ್ಟಾ ಗೋಳು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಬರೀ ಎಲೆ, ಬರೀ ಮುಳ್ಳು. ಹೂವೇ ಇಲ್ಲ. ಮಳೆ ನಿಂತು, ಮಣ್ಣು ಒಣಗಿ, ಡಿಸೆಂಬರ್ ಬಂದಮೇಲೆಯೇ ಅದಕ್ಕೆ ಬಣ್ಣ. ನಾನು ಮೊದಲು ಜಾಸ್ತಿ ನೀರು ಹಾಕಿ ಹಾಕಿ ಕೆಡಿಸಿದ್ದೆ. ಆಮೇಲೆ ಒಬ್ಬರು ಹೇಳಿದರು, ಅದಕ್ಕೆ ಬಾಯಾರಿಕೆ ಆಗಬೇಕು ಅಂತ. ಎಲೆ ಸ್ವಲ್ಪ ಬಾಡುವವರೆಗೆ ನೀರು ನಿಲ್ಲಿಸಿದೆ, ಹದಿನೈದು ಇಪ್ಪತ್ತು ದಿನದಲ್ಲಿ ಮೊಗ್ಗು ಬಂತು.

ನಿಮ್ಮ ಥನ್‌ಬರ್ಜಿಯಾಕ್ಕೆ ಮಾತ್ರ ಈ ಬಾಯಾರಿಕೆಯ ಆಟ ಆಡಬೇಡಿ. ಅದು ಸಹ್ಯಾದ್ರಿಯ ಕಾಡಿನ ಹುಡುಗಿ, ಒಣಗಿಸಿದರೆ ಮುನಿಸಿಕೊಳ್ಳುತ್ತಾಳೆ.

ಸುಮ್ನೆ ಓದುವವ
ಸಹ್ಯಾದ್ರಿಯದ್ದಾ? ನಾನು ಬ್ರೆಜಿಲ್‌ನದ್ದು ಅಂದುಕೊಂಡಿದ್ದೆ. ಚಂದ ಇದ್ದ ಹೂವೆಲ್ಲ ಬ್ರೆಜಿಲ್‌ನಿಂದ ಬಂದದ್ದು ಅಲ್ವಾ?

ಪಾಠದ ಮೇಷ್ಟ್ರು (ಶಿವಮೊಗ್ಗ)
ಬೋಗನ್‌ವಿಲ್ಲಾ ಬ್ರೆಜಿಲ್ ಕಡೆಯದು, ಸರಿ. ಜನವರಿಯಲ್ಲಿ ಬೆಂಗಳೂರಿನ ಕಾಂಪೌಂಡ್ ಗೋಡೆಗಳ ಮೇಲೆ ಕಿತ್ತಳೆ ಬಣ್ಣ ಸುರಿದ ಹಾಗೆ ಕಾಣುವ ಪೈರೋಸ್ಟೀಜಿಯಾ ಕೂಡ ಅಲ್ಲಿಯದೇ. ಆದರೆ ಥನ್‌ಬರ್ಜಿಯಾ ಮೈಸೂರೆನ್ಸಿಸ್ ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಅದಕ್ಕೆ ಮೊದಲು ಶಾಸ್ತ್ರೀಯ ಹೆಸರು ಕೊಟ್ಟವನು ರಾಬರ್ಟ್ ವೈಟ್. ಮದ್ರಾಸ್ ಸೀಮೆಯಲ್ಲಿ ಕಂಪನಿ ಸರ್ಕಾರದ ಕೆಲಸದಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಅವನು. ಅವನು ಇಟ್ಟ ಹೆಸರು ಹೆಕ್ಸಾಸೆಂಟ್ರಿಸ್ ಮೈಸೂರೆನ್ಸಿಸ್. ಆಮೇಲೆ ಥನ್‌ಬರ್ಜಿಯಾಕ್ಕೆ ಸೇರಿಸಿದರು. ಥನ್‌ಬರ್ಗ್ ಎಂದರೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ, ಲಿನೇಯಸ್‌ನ ಶಿಷ್ಯ, ಡಚ್ಚರ ಹಡಗಿನಲ್ಲಿ ಜಪಾನಿನವರೆಗೆ ಹೋಗಿದ್ದವನು.

ಇನ್ನೊಂದು ವಿಷಯ. ಇದು ನಿಮ್ಮ ಕನಕಾಂಬರದ ಮನೆತನ. ಆಡುಸೋಗೆ, ಗೋರಂಟೆ, ಕನಕಾಂಬರ, ಇದು, ಎಲ್ಲ ಒಂದೇ ಕುಟುಂಬ.

ಬಿಸಿಲೂರಿನವಳು (ಬಳ್ಳಾರಿ)
ಕನಕಾಂಬರ ನಮ್ಮ ಮನೆಯಲ್ಲಿ ಚೆನ್ನಾಗಿಯೇ ಬರುತ್ತದೆ ಮೇಷ್ಟ್ರೇ. ದಾಯಾದಿಗೆ ಏನು ರೋಗ?

ಜರ್ಸಿ ಅಜ್ಜಿ (ನ್ಯೂಜೆರ್ಸಿ)
ನೀವೆಲ್ಲ ಬಿಸಿಲು ಬಿಸಿಲು ಅಂತ ಅಳುತ್ತಿದ್ದೀರಿ. ನನ್ನ ಕಥೆ ಕೇಳಿ. ಮಗನ ಮನೆಗೆ ಬಂದು ಹನ್ನೆರಡು ವರ್ಷ ಆಯಿತು. ಮೂಲ ತೀರ್ಥಹಳ್ಳಿ. ಇದೇ ಬಳ್ಳಿಯನ್ನು ಇಲ್ಲಿಯ ಒಂದು ನರ್ಸರಿಯಿಂದ ಅಂಚೆಯಲ್ಲಿ ತರಿಸಿ ಕುಂಡದಲ್ಲಿ ಬೆಳೆಸಿದ್ದೇನೆ. ಕುಂಡಕ್ಕೆ ಗಾಲಿ ಇದೆ. ವರ್ಷಕ್ಕೆ ಎರಡು ಸಲ ಅದರ ಸವಾರಿ. ಮೇ ಅರ್ಧ ಕಳೆದು ಹಿಮ ಬೀಳುವ ಭಯ ಹೋದಮೇಲೆ ಹೊರಗೆ, ಸೆಪ್ಟೆಂಬರ್ ಕೊನೆಗೆ ರಾತ್ರಿ 50 ಡಿಗ್ರಿ ಬಂದ ಕೂಡಲೇ ಒಳಗೆ.

ತೊಗರಿ ಸೀಮೆ (ಕಲಬುರಗಿ)
ರಾತ್ರಿ 50 ಡಿಗ್ರಿಯಾ?! ನಾವು 43ಕ್ಕೇ ಸಾಯುತ್ತಿದ್ದೇವೆ ಅಜ್ಜಿ!

ಜರ್ಸಿ ಅಜ್ಜಿ (ನ್ಯೂಜೆರ್ಸಿ)
ಅಯ್ಯೋ, ಇಲ್ಲಿಯ ಫ್ಯಾರನ್‌ಹೀಟ್ ಮಾರಾಯ. ನಿಮ್ಮ ಲೆಕ್ಕದಲ್ಲಿ 10 ಡಿಗ್ರಿ. ಅದಕ್ಕಿಂತ ಕೆಳಗೆ ಹೋದರೆ ಬಳ್ಳಿ ಮುಖ ಸಪ್ಪೆ ಮಾಡುತ್ತದೆ, ಹಿಮ ತಾಗಿದರೆ ಒಂದೇ ರಾತ್ರಿಯಲ್ಲಿ ಬೆಂದ ಸೊಪ್ಪಿನ ಹಾಗೆ ಕಪ್ಪಾಗುತ್ತದೆ.

ಒಳಗೆ ತಂದಮೇಲೆ ಬೇರೆ ರಗಳೆ. ಹೀಟರ್ ಹಾಕಿದ ಮನೆಯ ಗಾಳಿ ನಿಮ್ಮ ಬಳ್ಳಾರಿಯ ಗಾಳಿಗಿಂತ ಒಣ. ಮೊದಲ ವರ್ಷ ಎಲೆಯೆಲ್ಲ ಉದುರಿತು, ಉಳಿದ ಎಲೆಯ ಅಡಿಯಲ್ಲಿ ಜೇಡ ನುಸಿ ಬಲೆ ಕಟ್ಟಿತು. ಈಗ ಒಳಗೆ ತರುವ ಮೊದಲು ಅಂಗಳದಲ್ಲೇ ಪೈಪು ಹಿಡಿದು ಎಲೆಯ ಅಡಿ ಚೆನ್ನಾಗಿ ತೊಳೆಯುತ್ತೇನೆ, ಒಂದು ವಾರ ಬಿಟ್ಟು ಇನ್ನೊಂದು ಸಲ. ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರು ತುಂಬಿ ಅದರ ಮೇಲೆ ಕುಂಡ. ಹಿಂಡಿಗೆಂದು ಸೊಸೆ ತಂದ ಲೈಟು ದಿನಕ್ಕೆ ಹನ್ನೆರಡು ಗಂಟೆ. ಮಾರ್ಚಿನಲ್ಲಿ ಒಂದು ಜಡೆ ಬಿಟ್ಟಿತು, ಬೇಸ್‌ಮೆಂಟಿನಲ್ಲಿ! ಹೊರಗೆ ಹಿಮ, ಒಳಗೆ ತೀರ್ಥಹಳ್ಳಿ.

ಸುಮ್ನೆ ಓದುವವ
ಹಿಂಡಿಗೆ ಲೈಟಾ?

ಜರ್ಸಿ ಅಜ್ಜಿ (ನ್ಯೂಜೆರ್ಸಿ)
"ಗಿಡಕ್ಕೆಂದು" ಅಂತ ಓದಿಕೊಳ್ಳಪ್ಪ. ಈ ಫೋನು ತಾನೇ ಏನೇನೋ ಬರೆಯುತ್ತದೆ.

ಹಾಸನದ ಹುಡುಗ (ಡಲ್ಲಾಸ್)
ಅಜ್ಜಿಗೆ ನಮಸ್ಕಾರ. ಇಲ್ಲಿ ಟೆಕ್ಸಾಸಿನಲ್ಲಿ ಇನ್ನೊಂದು ಥರ. ಬೇಸಿಗೆ ಕಲಬುರಗಿ, ಚಳಿಗಾಲದಲ್ಲಿ ಎರಡು ಮೂರು ರಾತ್ರಿ ಮಾತ್ರ ಕೊಲೆಗಾರ. 2021ರ ಫೆಬ್ರವರಿ ನೆನಪಿದೆಯಾ? ನಮ್ಮಲ್ಲಿ ಮೈನಸ್ 19 ಸೆಲ್ಸಿಯಸ್ ಹೋಯಿತು. ಕರೆಂಟೂ ಇಲ್ಲ. ಮಕ್ಕಳಿಗೆ ಹೊದಿಸಲು ಕಂಬಳಿ ಸಾಲದೆ ಬಳ್ಳಿಗೆ ಹೊದಿಸಿದ್ದನ್ನೂ ಕಿತ್ತು ತಂದೆವು. ಬೋಗನ್‌ವಿಲ್ಲಾ ಬುಡಸಮೇತ ಹೋಯಿತು. ಅಲಮಂಡ ಹೋಯಿತು. ಆಂಟಿಗೋನನ್ ಅಂತ ಗುಲಾಬಿ ಹೂವಿನ ಬಳ್ಳಿ ಕೂಡ ಹೋಯಿತು ಅಂದುಕೊಂಡು ಮೇಲಿನದ್ದೆಲ್ಲ ಕತ್ತರಿಸಿ ಎಸೆದಿದ್ದೆ. ಮೇ ತಿಂಗಳಲ್ಲಿ ನೆಲದಿಂದ ಚಿಗುರು! ಅದಕ್ಕೆ ಗೆಡ್ಡೆ ಇದೆ ಅಂತ ಆಮೇಲೆ ಗೊತ್ತಾಯಿತು. ಮಣ್ಣಿನ ಕೆಳಗೆ ಜೀವ ಉಳಿಸಿಕೊಂಡಿತ್ತು.

ಆಗಿನಿಂದ ನನ್ನ ನಿಯಮ: ಗೆಡ್ಡೆ ಇರುವುದು ನೆಲದಲ್ಲಿ, ಇಲ್ಲದ್ದು ಕುಂಡದಲ್ಲಿ. ಬುಡಕ್ಕೆ ನಾಲ್ಕು ಇಂಚು ಒಣ ಎಲೆ ಹೊದಿಕೆ.

ರೆಡಿಂಗ್ ರಂಗ (ಇಂಗ್ಲೆಂಡ್)
ಇಲ್ಲಿ ಗಾಜಿನ ಕೋಣೆ ಇರುವ ಶ್ರೀಮಂತರು ಮೈಸೂರು ಬಳ್ಳಿ ಬೆಳೆಯುತ್ತಾರೆ. ನನಗೆ ಆ ಗ್ಯಾಸ್ ಬಿಲ್ ಕಟ್ಟುವ ಶಕ್ತಿ ಇಲ್ಲ. ನಾನು ಅದರ ಆಫ್ರಿಕಾದ ತಂಗಿ ಥನ್‌ಬರ್ಜಿಯಾ ಅಲಾಟಾ ಹಾಕುತ್ತೇನೆ. ಕಿತ್ತಳೆ ಹೂ, ನಡುವೆ ಕಪ್ಪು ಕಣ್ಣು. ಮಾರ್ಚಿನಲ್ಲಿ ಕಿಟಕಿಯ ಹತ್ತಿರ ಬೀಜ ಹಾಕಿದರೆ ಜುಲೈಗೆ ಹೂ, ಅಕ್ಟೋಬರಿನ ಹಿಮಕ್ಕೆ ಸಾವು. ಮುಂದಿನ ವರ್ಷ ಮತ್ತೆ ಬೀಜ. ಸಾಕುವ ತಲೆನೋವಿಲ್ಲ. ಶಂಖಪುಷ್ಪವನ್ನೂ ಹೀಗೇ ಪ್ರಯತ್ನಿಸಿದೆ, ಬೀಜ ರಾತ್ರಿಯಿಡೀ ನೆನೆಸಿ ಹಾಕಿದೆ, ಬಂತು, ಆದರೆ ಇಲ್ಲಿಯ ಬೇಸಿಗೆಯ ಬಿಸಿ ಅದಕ್ಕೆ ಸಾಲದು. ಆಗಸ್ಟ್ ಕೊನೆಗೆ ಒಟ್ಟು ಮೂರು ಹೂ. ಮೂರೂ ದೇವರಿಗೇ ಹೋಯಿತು.

ಮಲ್ಲಿಗೆ ಬೇಕು ಅಂತ ಹಟ ಮಾಡುವವರಿಗೆ: ಇಲ್ಲಿ ಸ್ಟಾರ್ ಜಾಸ್ಮಿನ್ ಅಂತ ಒಂದು ಸಿಗುತ್ತದೆ. ಮಲ್ಲಿಗೆಯ ಸಂಬಂಧವೇ ಅಲ್ಲ, ಮುರಿದರೆ ಹಾಲು ಬರುತ್ತದೆ. ಆದರೆ ಮೈನಸ್ 10ರ ತನಕ ತಡೆಯುತ್ತದೆ, ಪರಿಮಳವೂ ಇದೆ. ಮುಡಿದುಕೊಳ್ಳಲು ಮಾತ್ರ ಆಗದು.

ಕುಡ್ಲದ ಕುಂಡ (ಮಂಗಳೂರು)
ಮುಡಿಯಲು ಆಗದ ಮಲ್ಲಿಗೆ ಯಾಕೆ ಮಾರಾಯ್ರೆ? ನಮ್ಮ ಶಂಕರಪುರದ ಮಲ್ಲಿಗೆ ನೋಡಿ. ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನ್ನಿನಲ್ಲಿ ಅಟ್ಟೆಯ ರೇಟು ಕೇಳಿದರೆ ಚಿನ್ನದ ಅಂಗಡಿಗೆ ಬಂದಿದ್ದೇವಾ ಅನಿಸುತ್ತದೆ.

ತೊಗರಿ ಸೀಮೆ (ಕಲಬುರಗಿ)
ಹಡಗಲಿ ಮಲ್ಲಿಗೆಯ ಮುಂದೆ ನಿಮ್ಮ ಶಂಕರಪುರ ನಿಲ್ಲುವುದಿಲ್ಲ.

ಕುಡ್ಲದ ಕುಂಡ (ಮಂಗಳೂರು)
ಶುರುವಾಯಿತು.

ತಾರಸಿ ಮಾಲಿ (ಬೆಂಗಳೂರು)
ಮೈಸೂರು, ಉಡುಪಿ, ಹಡಗಲಿ, ಮೂರೂ ಮಲ್ಲಿಗೆಗೆ ಜಿಐ, ಅಂದರೆ ಊರಿನ ಹೆಸರಿನ ಅಧಿಕೃತ ಮಾನ್ಯತೆ, ಸಿಕ್ಕಿದೆ. ಮೂವರೂ ಗೆದ್ದಿರಿ. ಈಗ ವಿಷಯಕ್ಕೆ ಬನ್ನಿ. ಬಳ್ಳಾರಿ ಅಕ್ಕನಿಗೆ ಒಂದು ಪ್ರಶ್ನೆ ಕೇಳುವುದು ಮರೆತೆ. ಬಳ್ಳಿಯನ್ನು ಯಾವಾಗ ಕತ್ತರಿಸುತ್ತೀರಿ?

ಬಿಸಿಲೂರಿನವಳು (ಬಳ್ಳಾರಿ)
ಕತ್ತರಿಸುವುದು ಅಂತ ಏನಿಲ್ಲ. ದೀಪಾವಳಿಗೆ ತಾರಸಿ ಕ್ಲೀನ್ ಮಾಡಿಸುವಾಗ ಮಾತ್ರ. ಗೋಡೆಗೆ ಸುಣ್ಣ ಬಣ್ಣ ಹೊಡೆಯುವವರಿಗೆ ಅಡ್ಡ ಬರುತ್ತದಲ್ಲ, ಅದಕ್ಕೆ ಎರಡಡಿ ಬಿಟ್ಟು ಉಳಿದದ್ದನ್ನು ಬೋಳಿಸುತ್ತೇವೆ. ಮತ್ತೆ ಬೇಗ ಬರುತ್ತದೆ.

ತಾರಸಿ ಮಾಲಿ (ಬೆಂಗಳೂರು)
ಅಕ್ಕಾ!!!

ಮಡಿಕೇರಿ ಮಂಜು (ಮಡಿಕೇರಿ)
ಅಯ್ಯಯ್ಯೋ.

ಪಾಠದ ಮೇಷ್ಟ್ರು (ಶಿವಮೊಗ್ಗ)
ಸಿಕ್ಕಿಬಿಟ್ಟಿತು ನೋಡಿ. ಮಳೆಗಾಲದಲ್ಲಿ ಬೆಳೆದು ಬಲಿತ ಕಡ್ಡಿಯಿಂದಲೇ ಚಳಿಗಾಲದ ಜಡೆ ಇಳಿಯಬೇಕು. ನೀವು ಅಕ್ಟೋಬರ್, ನವೆಂಬರಿನಲ್ಲಿ ಆ ಕಡ್ಡಿಯನ್ನೇ ತೆಗೆದುಹಾಕುತ್ತೀರಿ. ಆಮೇಲೆ ಬಂದ ಎಳೆ ಚಿಗುರು ಬಲಿಯುವಷ್ಟರಲ್ಲಿ ನಿಮ್ಮ ಮಾರ್ಚಿನ ಬಿಸಿಲು. ಪಾಪ, ಅದು ಯಾವಾಗ ಹೂ ಬಿಡಬೇಕು? ಕತ್ತರಿಸುವುದಿದ್ದರೆ ಹೂ ಮುಗಿದ ಮೇಲೆ. ಹೂವೇ ಬಾರದಿದ್ದರೆ ಮುಂಗಾರು ಶುರುವಾಗುವಾಗ.

ಡಿಎಪಿ ಕೂಡ ನಿಲ್ಲಿಸಿ. ಅದರಲ್ಲಿ 18 ಭಾಗ ಸಾರಜನಕ, 46 ಭಾಗ ರಂಜಕ, ಪೊಟ್ಯಾಷ್ ಸೊನ್ನೆ. ಕುಂಡದ ಗಿಡಕ್ಕೆ ಅಷ್ಟು ಬೇಡ. ಎರೆಹುಳು ಗೊಬ್ಬರದ ಜೊತೆ ಒಲೆಯ ಬೂದಿ ಅಂತ ಹೇಳಬಹುದಿತ್ತು, ಆದರೆ ನಿಮ್ಮ ನೀರು ಎಂಥದ್ದು? ಬೋರಾ?

ಬಿಸಿಲೂರಿನವಳು (ಬಳ್ಳಾರಿ)
ಬೋರ್ ನೀರು ಮೇಷ್ಟ್ರೇ. ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತದೆ. ದೀಪಾವಳಿ ವಿಷಯ ಓದಿ ನಮ್ಮ ಮನೆಯವರು ನಗುತ್ತಿದ್ದಾರೆ. ಬಣ್ಣದವರನ್ನು ಕರೆಸಿದ್ದು ಅವರೇ, ಅದನ್ನು ಮಾತ್ರ ಮರೆತಿದ್ದಾರೆ.

ಪಾಠದ ಮೇಷ್ಟ್ರು (ಶಿವಮೊಗ್ಗ)
ಹಾಗಾದರೆ ಬೂದಿ ಬೇಡವೇ ಬೇಡ. ಸುಣ್ಣದ ನೀರಿಗೆ ಮತ್ತಷ್ಟು ಕ್ಷಾರ ಸೇರುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಮಣ್ಣಿನಲ್ಲಿ ಇರುತ್ತದೆ, ಬೇರಿಗೆ ಸಿಗುವುದಿಲ್ಲ. ಗೊಬ್ಬರದಂಗಡಿಯಲ್ಲಿ ಐರನ್ ಚೀಲೇಟ್ ಕೇಳಿ. ತಿಂಗಳಿಗೊಮ್ಮೆ ಚೀಲದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಬಿಟ್ಟರೆ ಕೂಡಿಕೊಂಡ ಉಪ್ಪು ತೊಳೆದು ಹೋಗುತ್ತದೆ. ಮಳೆ ನೀರು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಅಂಚು ಸುಡಲು ಬಿಸಿಲಿನಷ್ಟೇ ಈ ಉಪ್ಪೂ ಕಾರಣ ಇರಬಹುದು.

ಸೊಪ್ಪಿನಬೆಟ್ಟ (ಶಿರಸಿ)
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ತಾರಸಿ ಯಾಕೆ ಬೇಕು? ನೆಲಕ್ಕೆ ಇಳಿಸಿ. ನಮ್ಮಲ್ಲಿ ಹಿಂದಿನವರು ಹೂವಿನ ಬಳ್ಳಿ ನೆಡುತ್ತಿದ್ದದ್ದು ಬಚ್ಚಲ ನೀರು ಹೋಗುವ ಕಡೆ. ಅಲ್ಲಿ ಮಣ್ಣು ಸದಾ ತಂಪು. ಬಟ್ಟೆ ಸೋಪಿನ ನೀರು ಹೋಗದ ಹಾಗೆ ನೋಡಿಕೊಳ್ಳಿ ಅಷ್ಟೇ. ಬೇಸಿಗೆಯಲ್ಲಿ ಮೇಲೆ ಅಡಿಕೆ ಸೋಗೆ ಹೊದಿಸಿದರೆ ಯಾವ ಶೇಡ್ ನೆಟ್ಟೂ ಬೇಡ.

ಬಿಸಿಲೂರಿನವಳು (ಬಳ್ಳಾರಿ)
ಬಳ್ಳಾರಿಯಲ್ಲಿ ಅಡಿಕೆ ಸೋಗೆ ಎಲ್ಲಿಂದ ತರಲಿ ಸರ್? ಜೋಳದ ದಂಟು ಬೇಕಿದ್ದರೆ ಗಾಡಿಗಟ್ಟಲೆ ಇದೆ.

ಸೊಪ್ಪಿನಬೆಟ್ಟ (ಶಿರಸಿ)
ದಂಟೂ ಆಗುತ್ತದೆ. ಗಾಳಿಯಾಡಬೇಕು, ನೆರಳಿರಬೇಕು. ಹೆಸರು ಯಾವುದಾದರೇನು.

ಬಿಸಿಲೂರಿನವಳು (ಬಳ್ಳಾರಿ)
ಪೂರ್ವಕ್ಕೆ ಬೇವಿನ ಮರ ಇದೆ, ಅದರ ಪಕ್ಕ ಮೂರಡಿ ಜಾಗ. ಆದರೆ ಎರೆ ಮಣ್ಣು. ಮಳೆಗೆ ಅಂಟು, ಬೇಸಿಗೆಗೆ ಬಿರುಕು. ಇನ್ನು ಅತ್ತೆ ಬೇರೆ, ಬಳ್ಳಿ ಕೆಳಗೆ ಹಾಕಿದರೆ ಹಾವು ಬರುತ್ತದೆ ಅನ್ನುತ್ತಾರೆ.

ಹೊಸಪೇಟೆ ಹೂವಪ್ಪ
ಬಂದೇ ಬರುತ್ತದೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಸೂಜಿ ಮಲ್ಲಿಗೆ ಚಪ್ಪರದಲ್ಲಿ ಹಸಿರು ಹಾವು ಇತ್ತು. ಅದು ನೇರ ಕಣ್ಣಿಗೇ ಕುಕ್ಕುತ್ತದೆ.

ಸೊಪ್ಪಿನಬೆಟ್ಟ (ಶಿರಸಿ)
ಹಸಿರು ಹಾವು ಕಣ್ಣಿಗೆ ಕುಕ್ಕುವುದೂ ಇಲ್ಲ, ಮೂಗಿಗೆ ಕುಕ್ಕುವುದೂ ಇಲ್ಲ. ಹಲ್ಲಿ ಓತಿಕ್ಯಾತ ಹಿಡಿದುಕೊಂಡು ತನ್ನ ಪಾಡಿಗೆ ಇರುತ್ತದೆ. ನಮ್ಮ ಮನೆಯ ಚಪ್ಪರದಲ್ಲಿ ಒಂದು ಖಾಯಂ ಬಾಡಿಗೆದಾರ ಇದೆ. ಅತ್ತೆಯವರಿಗೆ ಸಮಾಧಾನ ಬೇಕೆಂದರೆ ಬುಡದಿಂದ ಎರಡಡಿವರೆಗೆ ಎಲೆ ತೆಗೆದು ನೆಲ ಕಾಣುವ ಹಾಗೆ ಇಡಿ. ಕಸ, ಇಟ್ಟಿಗೆ, ಹಳೆಯ ಕುಂಡ ರಾಶಿ ಹಾಕಬೇಡಿ. ಇಲಿ ಇಲ್ಲದ ಕಡೆ ಹಾವಿಗೇನು ಕೆಲಸ?

ಬ್ರಿಸ್ಬೇನ್ ಬಸವ (ಆಸ್ಟ್ರೇಲಿಯಾ)
ನೀವು ಒಂದು ಹೂವಿಗೆ ಒದ್ದಾಡುತ್ತಿದ್ದೀರಿ, ಇಲ್ಲಿ ಅದರ ಅಕ್ಕನನ್ನು ಕೊಲ್ಲಲು ಒದ್ದಾಡುತ್ತಿದ್ದಾರೆ. ಬೆಂಗಳೂರಿನ ಮನೆಮನೆಯ ಮುಂದೆ ಇರುವ ನೀಲಿ ಥನ್‌ಬರ್ಜಿಯಾ, ಗ್ರ್ಯಾಂಡಿಫ್ಲೋರಾ, ಕ್ವೀನ್ಸ್‌ಲ್ಯಾಂಡಿನಲ್ಲಿ ಕಳೆ. ಮಾರುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ. ಉತ್ತರದ ಮಳೆಕಾಡಿನಲ್ಲಿ ಮರದ ಮೇಲೆ ಹತ್ತಿ ಮರವನ್ನೇ ಬೀಳಿಸುತ್ತದೆ. ನೆಲದಡಿಯ ಗೆಡ್ಡೆ 70 ಕಿಲೋ ತೂಗುವುದೂ ಉಂಟು. ಕಡಿದರೆ ಗೆಡ್ಡೆಯಿಂದ ಮತ್ತೆ ಬರುತ್ತದೆ.

ಹಾಸನದ ಹುಡುಗ (ಡಲ್ಲಾಸ್)
70 ಕಿಲೋನಾ! ನನಗಿಂತ ಎರಡು ಕಿಲೋ ಜಾಸ್ತಿ.

ಸುಮ್ನೆ ಓದುವವ
ವಿದೇಶದವರೆಲ್ಲ ಊರಿಗೆ ಬಂದಾಗ ಕಡ್ಡಿ ತಗೊಂಡು ಹೋಗಿ. ಸೀರೆಯ ಮಡಿಕೆಯಲ್ಲಿ ಇಟ್ಟರೆ ಯಾರಿಗೂ ಗೊತ್ತಾಗಲ್ಲ. ನಮ್ಮ ಚಿಕ್ಕಮ್ಮ ಹಾಗೇ ಮಾಡಿದ್ದು.

ಬ್ರಿಸ್ಬೇನ್ ಬಸವ (ಆಸ್ಟ್ರೇಲಿಯಾ)
ದಯವಿಟ್ಟು ಇಂಥ ಐಡಿಯಾ ಕೊಡಬೇಡಿ. ಇಲ್ಲಿ ಇಳಿಯುವಾಗ ಕಾರ್ಡಿನಲ್ಲಿ ಗಿಡ, ಬೀಜ ಎಲ್ಲ ಬರೆಯಬೇಕು. ಬಚ್ಚಿಟ್ಟು ಸಿಕ್ಕರೆ ಅಲ್ಲೇ ದಂಡ. ಮೇಲೆ ಹೇಳಿದೆನಲ್ಲ ನೀಲಿ ಬಳ್ಳಿ, ಅದೂ ಯಾರೋ ಚಂದ ಕಂಡು ತಂದದ್ದೇ.

ಜರ್ಸಿ ಅಜ್ಜಿ (ನ್ಯೂಜೆರ್ಸಿ)
ಅಮೆರಿಕಕ್ಕೂ ಹಾಗೆಯೇ. ಊರಿನಲ್ಲಿ ಗಿಡ ಪರೀಕ್ಷೆ ಮಾಡಿಸಿ ಆರೋಗ್ಯದ ಸರ್ಟಿಫಿಕೇಟ್ ತರಬೇಕು, ಬೇರಿನಲ್ಲಿ ಚೂರೂ ಮಣ್ಣಿರಬಾರದು. ನಾನು ಒಂದು ಸಲ ಮೈಸೂರು ಮಲ್ಲಿಗೆಯ ಕಡ್ಡಿ ತಂದು, ಭಯಕ್ಕೆ ನಾನೇ ಒಪ್ಪಿಸಿಬಿಟ್ಟೆ. ಕಸದ ಡಬ್ಬಿಗೆ ಹಾಕಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ನೋಡಿದರೆ ಅದೇ ಜಾತಿಯ ಮಲ್ಲಿಗೆ ಇಲ್ಲಿಯ ಅಂಗಡಿಯಲ್ಲೇ ಸಿಗುತ್ತದೆ, ಯಾವುದೋ ರಾಜನ ಹೆಸರಿಟ್ಟು ಮಾರುತ್ತಾರೆ!

ತೊಗರಿ ಸೀಮೆ (ಕಲಬುರಗಿ)
ಬಳ್ಳಾರಿ ಅಕ್ಕ, ತಮಾಷೆ ಸಾಕು. ಒಂದು ಗಟ್ಟಿ ಸಲಹೆ. ಆ ಪಶ್ಚಿಮದ ಚೌಕಟ್ಟು ಖಾಲಿ ಬಿಡಬೇಡಿ, ರಂಗೂನ್ ಕ್ರೀಪರ್ ಹಾಕಿ. ನಮ್ಮ 43ರಲ್ಲೂ ಎಲೆ ಬಾಡುವುದಿಲ್ಲ. ಸಂಜೆ ಬಿಳಿಯಾಗಿ ಅರಳುತ್ತದೆ, ಮರುದಿನ ಗುಲಾಬಿ, ಅದರ ಮರುದಿನ ಕೆಂಪು. ಒಂದೇ ಗೊಂಚಲಲ್ಲಿ ಮೂರೂ ಬಣ್ಣ. ರಾತ್ರಿ ಪರಿಮಳ ಬೀದಿಯ ಕೊನೆಗೆ ಬರುತ್ತದೆ.

ಪಾಠದ ಮೇಷ್ಟ್ರು (ಶಿವಮೊಗ್ಗ)
ಒಳ್ಳೆಯ ಸಲಹೆ. ಅದರ ಹಳೆಯ ಹೆಸರು ಕ್ವಿಸ್ಕ್ವಾಲಿಸ್. ಲ್ಯಾಟಿನ್‌ನಲ್ಲಿ "ಯಾರು? ಎಂಥದ್ದು?" ಎಂದರ್ಥ. ರಂಫಿಯಸ್ ಎಂಬ ಸಸ್ಯಶಾಸ್ತ್ರಜ್ಞ ಅದರ ಮಲಯ ಹೆಸರು "ಉದಾನಿ" ಎನ್ನುವುದನ್ನು "ಎಂಥದ್ದು" ಎಂಬರ್ಥದ ಡಚ್ ಪದ "ಹೂದಾನಿಖ್" ಜೊತೆ ಸೇರಿಸಿ ಆಡಿದ ಆಟ ಅದು. ಬಿಳಿ ಇದ್ದಾಗ ರಾತ್ರಿಯ ದೊಡ್ಡ ಪತಂಗಗಳು ಬರುತ್ತವೆ, ಕೆಂಪಾದಮೇಲೆ ಹಗಲಿನ ಜೇನು, ಹಕ್ಕಿಗಳು.

ಕುಡ್ಲದ ಕುಂಡ (ಮಂಗಳೂರು)
ಎಚ್ಚರಿಕೆ! ರಂಗೂನ್ ಹಾಕಿದರೆ ಮನೆ ಬಿಟ್ಟುಕೊಡಲು ರೆಡಿ ಇರಿ. ನಮ್ಮದು ಹೆಂಚಿನ ಅಡಿಗೆ ನುಗ್ಗಿ ನಾಲ್ಕು ಹೆಂಚು ಎತ್ತಿಹಾಕಿತು.

ತಾರಸಿ ಮಾಲಿ (ಬೆಂಗಳೂರು)
ಕೊನೆಯದಾಗಿ: ನೆಲಕ್ಕೆ ಹಾಕುವುದಾದರೆ ಎರಡಡಿ ಅಗಲ, ಎರಡಡಿ ಆಳದ ಗುಂಡಿ. ಅರ್ಧ ಎರೆ ಮಣ್ಣು ತೆಗೆದು ಹೊಂಗೆ, ಬೇವಿನ ಕೊಳೆತ ಎಲೆ, ಮರಳು ಸೇರಿಸಿ. ಈಗಲೇ ಬೇಡ, ಬೇಸಿಗೆಯ ಬಾಯಲ್ಲಿ ಬೇರು ಕದಲಿಸಬಾರದು. ಮೊದಲ ಮಳೆಯಾದ ಮೇಲೆ. ಅಲ್ಲಿಯವರೆಗೆ ಚೀಲವನ್ನೇ ಬೇವಿನ ಮರದ ಕೆಳಗೆ ಇಟ್ಟಿರಿ. ಚಪ್ಪರ ಎಂಟಡಿಯಾದರೂ ಎತ್ತರ ಇರಲಿ. ಗೋಡೆಗೆ ಅಂಟಿಸಿದ ಚೌಕಟ್ಟಿನಲ್ಲಿ ಜಡೆ ಇಳಿಯಲು ಜಾಗ ಎಲ್ಲಿ? ದೀಪಾವಳಿಗೆ ಕತ್ತರಿ ಬಚ್ಚಿಡಿ.

ಬಿಸಿಲೂರಿನವಳು (ಬಳ್ಳಾರಿ), ಮರು ವರ್ಷ ಫೆಬ್ರವರಿ
ಈ ಚರ್ಚೆ ಇನ್ನೂ ಯಾರಾದರೂ ನೋಡುತ್ತೀರಾ ಗೊತ್ತಿಲ್ಲ. ಜೂನಿನಲ್ಲಿ ನೆಲಕ್ಕೆ ಹಾಕಿದೆ, ಬೇವಿನ ಮರದ ಪಕ್ಕ. ದೀಪಾವಳಿಗೆ ಬಣ್ಣದವರನ್ನು ಆ ಕಡೆ ಬಿಡಲಿಲ್ಲ, ಗೋಡೆಯ ಅಷ್ಟು ಭಾಗ ಈಗಲೂ ಹಳೆಯ ಬಣ್ಣದಲ್ಲೇ ಇದೆ. ಮೊನ್ನೆ ಒಂದು ಜಡೆ ಇಳಿಯಿತು. ಒಂದೇ. ಗೇಣುದ್ದ. ಹನ್ನೊಂದು ಮೊಗ್ಗಿನಲ್ಲಿ ನಾಲ್ಕು ಉದುರಿದವು, ಏಳು ಅರಳಿದವು. ಸೂರಕ್ಕಿ ಬಂದಿಲ್ಲ, ಇರುವೆ ಮಾತ್ರ ಬಂದಿವೆ. ಮನೆಯವರು ದಿನಾ ಟೀ ಲೋಟ ಹಿಡಿದು ಅದರ ಕೆಳಗೇ ನಿಲ್ಲುತ್ತಾರೆ, ಕೇಳಿದರೆ "ನೆರಳಿದೆ ಅಂತ" ಅನ್ನುತ್ತಾರೆ. ಹಾವು ಇನ್ನೂ ಬಂದಿಲ್ಲ. ಅತ್ತೆ ಕಾಯುತ್ತಿದ್ದಾರೆ.

ಪಶ್ಚಿಮದ ಗೋಡೆಯ ರಂಗೂನ್ ಮಾತ್ರ ಪಕ್ಕದ ಮನೆಯ ನೀರಿನ ಟ್ಯಾಂಕ್ ಹತ್ತಿದೆ. ಜಗಳ ನಡೆಯುತ್ತಿದೆ.

ಮಡಿಕೇರಿ ಮಂಜು (ಮಡಿಕೇರಿ)
ಏಳು ಹೂವಾ! ಬಳ್ಳಾರಿಯಲ್ಲಿ! ಫೋಟೋ ಹಾಕಿ ಅಕ್ಕಾ.

ಹೊಸಪೇಟೆ ಹೂವಪ್ಪ
ರಂಗೂನ್‌ಗೆ ಬುಡದಲ್ಲಿ ಮರಿ ಬಂದಿದ್ದರೆ ನನಗೊಂದು ಕೊಡುತ್ತೀರಾ? ಭಾನುವಾರ ಬಳ್ಳಾರಿಗೆ ಬರುವುದಿದೆ.

ಬಿಸಿಲೂರಿನವಳು (ಬಳ್ಳಾರಿ)
ಒಂದಲ್ಲ, ಒಂಬತ್ತು ಇದೆ. ಬನ್ನಿ, ಗುದ್ದಲಿ ನೀವೇ ತನ್ನಿ.